ಇನುಯಿಟ್ ಗೊಂಬೆ: ಮಕ್ಕಳ ಜೊತೆ ಕೂತು ಹೊಲಿಯಲು ಸಮಗ್ರ ಮಾರ್ಗದರ್ಶಿ

ಇನುಯಿಟರು ಅಂದರೆ ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್‌ನ ಹಿಮನಾಡಿನ ಮೂಲನಿವಾಸಿಗಳು. ಅವರ ಗೊಂಬೆ ಕೈಗೆ ಸಿಕ್ಕರೆ ಮೊದಲು ಬಟ್ಟೆಯ ಅಂಚು ಮಗುಚಿ ಒಳಗಿನ ಹೊಲಿಗೆ ನೋಡಿ. ಮುಖ ಆಮೇಲೆ ನೋಡಿದರಾಯಿತು. ಹಳೆಯ ಗೊಂಬೆಗಳಲ್ಲಿ ಎಷ್ಟೋ ಸಲ ಕಣ್ಣು, ಮೂಗು, ಬಾಯಿ ಏನೂ ಇರುವುದಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಅಲಾಸ್ಕಾ ಕಡೆಯಿಂದ ಕೆನಡಾ, ಗ್ರೀನ್‌ಲ್ಯಾಂಡ್‌ವರೆಗೆ ಹರಡಿದ ಥೂಲೆ ಜನ ಇಂದಿನ ಇನುಯಿಟರ ಪೂರ್ವಿಕರು. ಅವರು ಕೆತ್ತಿದ ಮರದ ಗೊಂಬೆಗಳಲ್ಲಿ ಬಹಳಷ್ಟಕ್ಕೆ ಕೈಗಳೇ ಇಲ್ಲ. ಉರುಟು ತಲೆ, ಮೋಟು ಮೈ, ಅಷ್ಟೇ. ಮರವೇ ಬೆಳೆಯದ ನಾಡು ಅದು. ದೊಡ್ಡ ನದಿಗಳಲ್ಲಿ ತೇಲಿ ಬಂದು ಕಡಲ ದಡ ಸೇರಿದ ಕೊರಡೇ ಗತಿ. ಆದರೆ ಈಚಿನ ನೂರಿನ್ನೂರು ವರ್ಷದ ಗೊಂಬೆಗಳ ಬಟ್ಟೆ ನೋಡಿ. ಮೈ ಎಷ್ಟೇ ಸಾದಾ ಇರಲಿ, ಕೋಟಿನ ತಲೆಗವುಸಿಗೆ ತುಪ್ಪಳದ ಅಂಚು ಇರುತ್ತದೆ. ಬೂಟಿನ ಮೂತಿಗೆ ಒಂದೇ ಅಳತೆಯ ಪುಟ್ಟ ನೆರಿಗೆ ಇರುತ್ತದೆ. ದೊಡ್ಡವರ ಉಡುಪಿನಲ್ಲಿ ಏನಿದೆಯೋ ಅದೆಲ್ಲ ಅಂಗೈ ಅಳತೆಗೆ ಇಳಿದಿರುತ್ತದೆ.

ಹುಡುಗಿಯರು ಹೊಲಿಗೆ ಕಲಿತದ್ದು ಈ ಗೊಂಬೆಗಳ ಮೇಲೆ. ಅಮ್ಮ ಅಪ್ಪನ ಕೋಟು ಹೊಲಿಯುವಾಗ ಉಳಿದ ಚರ್ಮದ ಚೂರು ಮಗಳಿಗೆ. ಅಮ್ಮ ಏನು ಮಾಡುತ್ತಾಳೋ ಅದನ್ನೇ ಮಗಳು ಸಣ್ಣದಾಗಿ ಮಾಡುತ್ತಾಳೆ. ಆಟವೂ ಅದೇ, ಪಾಠವೂ ಅದೇ.

ಈ ಮಾರ್ಗದರ್ಶಿಯಲ್ಲಿ ನಾವು ಮಾಡುವುದು ಒಬ್ಬ ತಾಯಿ ಗೊಂಬೆ. ಅವಳ ಬೆನ್ನ ಚೀಲದಲ್ಲಿ ಒಂದು ಕೂಸು. ಸಾಮಾನು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಟೊರಾಂಟೊದಲ್ಲೋ ಸಿಗುವಂಥದ್ದೇ. ಆದರೆ ಹೊಲಿಯುವ ಕ್ರಮ, ಕಲಿಸುವ ರೀತಿ ಎರಡನ್ನೂ ಆದಷ್ಟು ಇನುಯಿಟರದ್ದೇ ಇಟ್ಟುಕೊಳ್ಳೋಣ. ಒಂದು ದಿನದಲ್ಲಿ ಮುಗಿಸುವ ಆಸೆ ಬೇಡ. ನಾಲ್ಕೈದು ಭಾನುವಾರ ಬೇಕು.

ಸೂಜಿ ಹಿಡಿಯುವ ಮುಂಚೆ

ಉತ್ತರ ಧ್ರುವದ ಸುತ್ತಲಿನ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುತ್ತದೆ. ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಗೆ ಹೋದವನು ಹಿಮದ ಮೇಲೆ, ಸೀಲ್ ಉಸಿರಾಡಲು ಬರುವ ತೂತಿನ ಪಕ್ಕ, ಗಂಟೆಗಟ್ಟಲೆ ಅಲುಗಾಡದೆ ನಿಲ್ಲಬೇಕು. ಅವನ ಬೂಟಿನ ಒಂದು ಹೊಲಿಗೆ ಬಿಟ್ಟುಕೊಂಡರೆ ನೀರು ಒಳಗೆ ಬರುತ್ತದೆ, ಬೆರಳು ಹೋಗುತ್ತದೆ. ಬೇಟೆ ಎಷ್ಟು ಮುಖ್ಯವೋ ಹೊಲಿಗೆಯೂ ಅಷ್ಟೇ ಮುಖ್ಯ. ಚೆನ್ನಾಗಿ ಹೊಲಿಯುವ ಹೆಂಡತಿ ಇಲ್ಲದ ಬೇಟೆಗಾರ ಚಳಿಗಾಲ ಕಳೆಯುವುದೇ ಕಷ್ಟ.

ಹಾಗಾಗಿ ಬಟ್ಟೆಯ ಪ್ರತಿ ಭಾಗಕ್ಕೂ ಒಂದು ಕಾರಣ ಇದೆ. ಚಳಿಗಾಲದ ಉಡುಪಿಗೆ ಕ್ಯಾರಿಬೂ ಅನ್ನುವ ಹಿಮಸಾರಂಗದ ಚರ್ಮ. ಅದರ ಕೂದಲಿನ ಒಳಗೆ ಗಾಳಿ ತುಂಬಿಕೊಂಡಿರುತ್ತದೆ, ಅದೇ ಬೆಚ್ಚಗಿಡುವುದು. ಉಡುಪು ಎರಡು ಪದರ. ಒಳಗಿನದರ ತುಪ್ಪಳ ಮೈಗೆ ತಾಗುವ ಹಾಗೆ, ಹೊರಗಿನದರ ತುಪ್ಪಳ ಹೊರಕ್ಕೆ. ಎರಡರ ನಡುವೆಯೂ ಗಾಳಿ ನಿಲ್ಲುತ್ತದೆ. ಬೂಟಿಗೆ ಮಾತ್ರ ಸೀಲ್ ಚರ್ಮ, ಯಾಕೆಂದರೆ ಅದು ನೀರಿಗೆ ಜಗ್ಗುವುದಿಲ್ಲ. ತಲೆಗವುಸಿನ ಅಂಚಿಗೆ ತೋಳ, ನಾಯಿ ಅಥವಾ ವೊಲ್ವರೀನ್ ಎಂಬ ಕಾಡುಪ್ರಾಣಿಯ ತುಪ್ಪಳ. ವೊಲ್ವರೀನ್ ತುಪ್ಪಳದ ಮೇಲೆ ಉಸಿರಿನ ಮಂಜು ಗಟ್ಟಿಯಾದರೂ ಕೈಯಿಂದ ಒರೆಸಿದರೆ ಉದುರಿಹೋಗುತ್ತದೆ.

ಕ್ಯಾರಿಬೂ ಚರ್ಮ ಉಡುಪಿಗೆ ಹದವಾಗಿರುವುದು ಬೇಸಿಗೆ ಮುಗಿದು ಶರತ್ಕಾಲ ಶುರುವಾಗುವ ಹೊತ್ತಿಗೆ. ಚಳಿಗಾಲದ ಕೊನೆಯ ಚರ್ಮ ತುಂಬಾ ದಪ್ಪ, ಅದು ಹಾಸಿಗೆಗೆ. ಆರ್ಕ್ಟಿಕ್ ಅಂದರೆ ಈ ಉತ್ತರ ಧ್ರುವದ ಸೀಮೆ; ಅದರ ಮಧ್ಯಭಾಗದ ಗುಂಪುಗಳಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು: ಚಳಿಗಾಲದಲ್ಲಿ ಸಮುದ್ರದ ಹಿಮದ ಮೇಲೆ ಬಿಡಾರ ಹೂಡಿದ ಮೇಲೆ ಕ್ಯಾರಿಬೂ ಚರ್ಮ ಹೊಲಿಯುವಂತಿಲ್ಲ. ನೆಲದ ಪ್ರಾಣಿ, ಕಡಲಿನ ಪ್ರಾಣಿ ಬೇರೆಬೇರೆ ಇರಬೇಕು. ಅಂದರೆ ಮನೆಮಂದಿಯ ಉಡುಪೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಆ ಕೆಲವು ವಾರ ಹೆಂಗಸರಿಗೆ ಪುರುಸೊತ್ತಿಲ್ಲ. ಹುಡುಗಿಯರ ಕಣ್ಣಿಗೆ, ಕೈಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಸಿಗುತ್ತಿದ್ದದ್ದೂ ಆಗಲೇ.

ಅಮ್ಮನಿಂದ ಮಗಳಿಗೆ ಹೋಗುವ ಈ ಕಲಿಕೆಯ ಸರಪಳಿ ಇಪ್ಪತ್ತನೇ ಶತಮಾನದಲ್ಲಿ ಹಲವು ಕಡೆ ತುಂಡಾಯಿತು. ಕೆನಡಾದಲ್ಲಿ ಮಕ್ಕಳನ್ನು ಮನೆಯಿಂದ ದೂರದ ವಸತಿ ಶಾಲೆಗಳಿಗೆ ಕಳಿಸಿದರು. ವರ್ಷದ ಬಹುಪಾಲು ಅಮ್ಮನ ಪಕ್ಕ ಕೂರದ ಮಗು ಹೊಲಿಗೆ ನೋಡುವುದು ಎಲ್ಲಿಂದ ಬಂತು? ಈ ಶಾಲೆಗಳ ಬಗ್ಗೆ ಕೆನಡಾದ ಪ್ರಧಾನಿ 2008ರ ಜೂನ್ 11ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಕ್ಷಮೆಯಲ್ಲಿ ಸೇರದೆ ಉಳಿದ ಲ್ಯಾಬ್ರಡಾರ್ ಕಡೆಯವರಿಗೆ ಕ್ಷಮೆ ಸಿಕ್ಕಿದ್ದು 2017ರಲ್ಲಿ. ಈಗ ಚರ್ಮವೂ ಸುಲಭಕ್ಕೆ ಸಿಗುವುದಿಲ್ಲ. ಕೆನಡಾದ ಉತ್ತರದ ಬ್ಯಾಫಿನ್ ದ್ವೀಪದಲ್ಲಿ ಕ್ಯಾರಿಬೂ ಸಂಖ್ಯೆ ಪಾತಾಳಕ್ಕಿಳಿದು 2015ರ ಜನವರಿ 1ರಿಂದ ಬೇಟೆಯನ್ನೇ ನಿಲ್ಲಿಸಿದರು. ಆಮೇಲೆ ಅದೇ ವರ್ಷ ಸಣ್ಣ ಮಿತಿ ಹಾಕಿ ತೆರೆದರು. ಒಬ್ಬರ ಪೂರ್ತಿ ಉಡುಪಿಗೆ ಹಲವು ಚರ್ಮ ಬೇಕು, ಗೊಂಬೆಗೆ ಅಂಗೈಯಗಲದ ಚೂರುಗಳು ಸಾಕು. ಕಲಿಸಲು ಗೊಂಬೆಯೇ ಒಳ್ಳೆಯದು ಅಂತ ನಾನು ಅನ್ನುವುದಕ್ಕೆ ಇದೂ ಒಂದು ಕಾರಣ.

ಕಲಿಸುವ ಕ್ರಮ

ಇದನ್ನು ಬಿಟ್ಟರೆ ಉಳಿದದ್ದು ಬರೀ ಕ್ರಾಫ್ಟ್ ಕ್ಲಾಸ್ ಆಗುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಕೆನಡಾದ ಉತ್ತರದ ನುನಾವುಟ್ ಪ್ರದೇಶ 1999ರ ಏಪ್ರಿಲ್ 1ರಂದು ಹುಟ್ಟಿತು. ಅಲ್ಲಿನ ಸರ್ಕಾರ ತನ್ನ ಕೆಲಸಕ್ಕೆ ಆಧಾರ ಅಂತ ಇಟ್ಟುಕೊಂಡ ಇನುಯಿಟ್ ತತ್ವಗಳಲ್ಲಿ ಒಂದು ಪಿಲಿಮ್ಮಕ್ಸಾರ್ನಿಕ್: ನೋಡುತ್ತಾ, ಜೊತೆಗಿದ್ದು, ಮಾಡುತ್ತಾ ಕೈ ಪಳಗಿಸಿಕೊಳ್ಳುವುದು. ಇಲ್ಲಿ ವಿವರಣೆಗೆ ಕೊನೆಯ ಜಾಗ. ದೊಡ್ಡವರು ತಮ್ಮ ಕೆಲಸ ತಾವು ಮಾಡುತ್ತಾರೆ, ಮಗು ಪಕ್ಕದಲ್ಲಿ ಕೂತು ನೋಡುತ್ತದೆ. ಕೈಗೆ ಬಂದಾಗ ಶುರು ಮಾಡುತ್ತದೆ. ತಪ್ಪಾದರೆ ಬೈಗುಳ ಇಲ್ಲ. ಬಿಚ್ಚಿ ಇನ್ನೊಮ್ಮೆ ಹೊಲಿ, ಅಷ್ಟೇ.

ಮನೆಯಲ್ಲಿ ಇದನ್ನು ಹೀಗೆ ಮಾಡಿ. ನಿಮಗೊಂದು ಗೊಂಬೆ, ಮಗುವಿಗೊಂದು ಗೊಂಬೆ. ಮಗುವಿನ ಗೊಂಬೆಗೆ ನೀವು ಸೂಜಿ ಹಾಕುವಂತಿಲ್ಲ. ಪ್ರತಿ ಭಾಗವನ್ನೂ ಮೊದಲು ನಿಮ್ಮ ಗೊಂಬೆಗೆ ಮಾಡಿ. ಎದುರಿಗೆ ಕೂರಿಸಿಕೊಂಡರೆ ಮಗುವಿಗೆ ಎಲ್ಲ ತಿರುಗುಮುರುಗಾಗಿ ಕಾಣುತ್ತದೆ. ಪಕ್ಕದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಕೂರಿ. ಮಗು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಈ ಕೊನೆಯದು ನಮ್ಮಂಥವರಿಗೆ ಬಲು ಕಷ್ಟ. ಬಾಯಿ ಸುಮ್ನಿರಲ್ಲ, ಅಲ್ವಾ?

ಆರೇಳು ವರ್ಷದವರು ಹತ್ತಿ ತುಂಬಲಿ, ಮಣಿ ಪೋಣಿಸಲಿ. ಎಂಟೊಂಬತ್ತರವರು ಕೋಟಿನ ಅಂಚು ಹೊಲಿಯಬಲ್ಲರು. ಬೂಟು ಹನ್ನೊಂದು ದಾಟಿದವರಿಗೆ. ಹುಡುಗರನ್ನೂ ಕೂರಿಸಿ. ಬೇಟೆಯ ದಾರಿಯಲ್ಲಿ ಬೂಟು ಹರಿದರೆ ಗಂಡಸರೇ ತೇಪೆ ಹಾಕಿಕೊಳ್ಳಬೇಕಿತ್ತು.

ಸಾಮಾನು

ಚಿಕ್ಕ ಕೂದಲಿನ ತುಪ್ಪಳದ ಬಟ್ಟೆ ಅರ್ಧ ಮೀಟರ್. ಆಟಿಕೆ ಹೊಲಿಯುವ ಬಟ್ಟೆ ಅಂಗಡಿಯಲ್ಲಿ ನಕಲಿ ಫರ್ ಅಂತ ಕೇಳಿ. ಕೂದಲು 1 ಸೆಂ.ಮೀ.ಗಿಂತ ಉದ್ದ ಇದ್ದರೆ ಗೊಂಬೆ ಕರಡಿಯ ಹಾಗೆ ಉಬ್ಬುತ್ತದೆ. ಹೊರಗಿನ ಕೋಟಿಗೆ ಹಳೆಯ ಕಂಬಳಿ ಅಥವಾ ದಪ್ಪ ಫ್ಲೀಸ್. ಬೂಟಿಗೆ 1ರಿಂದ 1.5 ಮಿ.ಮೀ. ದಪ್ಪದ ಮೆತ್ತನೆ ಚರ್ಮ. ಬ್ಯಾಗ್ ಹೊಲಿಯುವವರ ಹತ್ತಿರ ಚೂರು ಸಿಗುತ್ತದೆ. ರೆಕ್ಸಿನ್ ಬೇಡ, ಕಾರಣ ಮುಂದೆ ಹೇಳುತ್ತೇನೆ. ಗಟ್ಟಿ ನೂಲು, ಒಂದು ತುಂಡು ಜೇನುಮೇಣ, ಸಾದಾ ಸೂಜಿ, ಚರ್ಮ ಹೊಲಿಯುವ ಮೂರಂಚಿನ ಸೂಜಿ, ಬೆರಳಿಗೆ ಹಾಕುವ ಟೊಪ್ಪಿ, ಬ್ಲೇಡ್, ಹತ್ತಿ, ಸಣ್ಣ ಗಾಜಿನ ಮಣಿ.

ಕಂಬಳಿ ಹಾಕಿದರೆ ಮೋಸ ಮಾಡಿದ ಹಾಗಲ್ಲವಾ ಅಂತ ಕೇಳಬಹುದು. ಅಲ್ಲ. ಇನುಯಿಟರೂ ವ್ಯಾಪಾರಕ್ಕೆ ಬಂದ ಬಟ್ಟೆ, ಮಣಿ, ಉಕ್ಕಿನ ಸೂಜಿ ಎಲ್ಲವನ್ನೂ ತಮ್ಮದು ಮಾಡಿಕೊಂಡವರೇ. ಹಿಂದೆ ಸ್ಪೆನ್ಸ್ ಬೇ ಅನ್ನುತ್ತಿದ್ದ, ಈಗ ತಲೊಯೋಆಕ್ ಅನ್ನುವ ನುನಾವುಟ್ ಊರಿನ ಹೆಂಗಸರು 1970ರ ದಶಕದಲ್ಲಿ ಡಫಲ್ ಎಂಬ ದಪ್ಪ ಉಣ್ಣೆಬಟ್ಟೆಯಲ್ಲೇ ಗೊಂಬೆ ಮಾಡಿ ಹೆಸರಾದರು. ಹಕ್ಕಿ, ಕರಡಿ, ಸೀಲ್ ಎಲ್ಲಾ ಕೋಟು ತೊಟ್ಟು ಬೆನ್ನಲ್ಲಿ ಮರಿ ಹೊತ್ತುಕೊಂಡಿರುತ್ತವೆ. ಪುಟ್ಟ ಮಕ್ಕಳಿಗೆ ಮನುಷ್ಯರ ಗೊಂಬೆ ಕಷ್ಟ ಅನ್ನಿಸಿದರೆ ಆ ದಾರಿ ಹಿಡಿಯಿರಿ. ಸೀಲ್‌ಗೆ ಕಾಲು ಮಾಡುವ ತಾಪತ್ರಯವೇ ಇಲ್ಲ.

ಹೆಜ್ಜೆ 1: ಯಾವ ಊರಿನ ತಾಯಿ?

ಇನುಯಿಟ್ ಉಡುಪು ಅಂತ ಒಂದೇ ಉಡುಪಿಲ್ಲ. ದೂರದಿಂದ ನೋಡಿದರೂ ಯಾವ ಕಡೆಯವರು ಅಂತ ಗೊತ್ತಾಗುವಷ್ಟು ಕತ್ತರಿಕೆ ಬೇರೆ. ಹಡ್ಸನ್ ಕೊಲ್ಲಿಯ ಪಶ್ಚಿಮದ ಕಿವಾಲಿಕ್‌ನಲ್ಲಿ ಎದೆ ತುಂಬ ಮಣಿ ಕೆಲಸ. ಮಧ್ಯ ಆರ್ಕ್ಟಿಕ್‌ನ ಇನುಯಿನ್ನೈಟ್ ಅನ್ನುವ ಇನುಯಿಟ್ ಗುಂಪಿನವರ ಕೋಟು ಮುಂದೆ ಸೊಂಟದವರೆಗೆ ಮಾತ್ರ, ಹಿಂದೆ ಕಿರಿದಾದ ಉದ್ದ ಬಾಲ. ಗ್ರೀನ್‌ಲ್ಯಾಂಡ್ ಹೆಂಗಸರ ಹಬ್ಬದ ಉಡುಪಿನಲ್ಲಿ ಭುಜ ಮುಚ್ಚುವ ಮಣಿಯ ಕಾಲರ್, ಸೀಲ್ ಚರ್ಮದ ಚಡ್ಡಿ, ತೊಡೆವರೆಗಿನ ಬೂಟು. ಅಲಾಸ್ಕಾದ ಯೂಪಿಕ್ ಜನ ನೆಂಟರು, ಆದರೆ ಬೇರೆ ಜನ. ಅವರ ಗೊಂಬೆಯ ಲೆಕ್ಕವೇ ಬೇರೆ. ಅಲ್ಲಿನ ಕೆಲವು ಊರುಗಳಲ್ಲಿ ವಲಸೆ ಹಕ್ಕಿ ಮರಳುವ ತನಕ ಗೊಂಬೆಯನ್ನು ಹೊರಗೆ ತಂದು ಆಡುವಂತಿರಲಿಲ್ಲ.

ಒಂದನ್ನು ಆರಿಸಿ, ಅದಕ್ಕೇ ಅಂಟಿಕೊಳ್ಳಿ. ಗ್ರೀನ್‌ಲ್ಯಾಂಡಿನ ಕಾಲರ್ ತಂದು ಬ್ಯಾಫಿನ್ ಕೋಟಿಗೆ ಹಚ್ಚಿದರೆ ಚಂದ ಕಂಡೀತು, ಮಗು ಕಲಿತದ್ದು ಮಾತ್ರ ತಪ್ಪು. ಮೊದಲ ಸಲಕ್ಕೆ ಪೂರ್ವ ಆರ್ಕ್ಟಿಕ್‌ನ ಅಮೌಟಿ ಸುಲಭ. ತಾಯಂದಿರು ಕೂಸು ಹೊರುವ ಕೋಟು ಅದು. ಈಗಲೂ ನುನಾವುಟ್‌ನ ರಾಜಧಾನಿ ಇಕಾಲುಯಿಟ್ ಊರಿನ ಬೀದಿಯಲ್ಲಿ ಅಮ್ಮಂದಿರು ಹಾಕಿಕೊಂಡೇ ಓಡಾಡುತ್ತಾರೆ. ಹೆಚ್ಚಿನವು ಈಗ ಬಟ್ಟೆಯವು.

ಹೆಜ್ಜೆ 2: ಮೈ

ಹಳೆಯ ಬನಿಯನ್ ಬಟ್ಟೆ ಮಡಚಿ, 24 ಸೆಂ.ಮೀ. ಎತ್ತರದ ಆಕಾರ ಬರೆದು ಕತ್ತರಿಸಿ. ತಲೆ 5 ಸೆಂ.ಮೀ., ಕೈಕಾಲು ಮೋಟಾಗಿರಲಿ. ಮೈ ಅಗಲ 8 ಸೆಂ.ಮೀ. ಸುತ್ತ ಹೊಲಿದು, ಪಕ್ಕೆಯಲ್ಲಿ ಬಿಟ್ಟ ಬಾಯಿಯಿಂದ ಮಗುಚಿ, ಹತ್ತಿ ಗಟ್ಟಿಯಾಗಿ ತುಂಬಿ. ಕುತ್ತಿಗೆಯಲ್ಲಿ ಹತ್ತಿ ಸಾಲದಿದ್ದರೆ ಕೋಟಿನ ಭಾರಕ್ಕೆ ತಲೆ ಬಗ್ಗುತ್ತದೆ. ಅಲ್ಲಿ ಒಂದು ಐಸ್‌ಕ್ರೀಮ್ ಕಡ್ಡಿ ಇಟ್ಟುಬಿಡಿ.

ಕೂಸಿಗೆ 7 ಸೆಂ.ಮೀ. ಸಾಕು. ಕೈಕಾಲು ಬೇಡ. ಸುತ್ತಿಟ್ಟ ಬಟ್ಟೆ, ಅದಕ್ಕೊಂದು ತಲೆ, ತಲೆಗೊಂದು ಕುಲಾವಿ.

ಮುಖ ಬಿಡಿಸಬೇಕಾ? ನನಗೆ ಖಾಲಿ ಮುಖವೇ ಇಷ್ಟ. ಮಗು ಹಠ ಹಿಡಿದರೆ ಎರಡು ಚುಕ್ಕೆ ಕಣ್ಣು ಹಾಕಲಿ. ಕಪ್ಪು ಉಣ್ಣೆಯ ಎರಡು ಜಡೆ ಹಾಕಿ.

ಹೆಜ್ಜೆ 3: ಅಳತೆ ಮತ್ತು ಕತ್ತರಿಕೆ

ಹಳಬರಲ್ಲಿ ಕಾಗದದ ಪ್ಯಾಟರ್ನ್ ಇರಲಿಲ್ಲ. ಗೇಣು, ಬೆರಳು, ದಾರದ ಗಂಟು, ಕಣ್ಣಳತೆ. ನೀವೂ ಸ್ಕೇಲ್ ಪಕ್ಕಕ್ಕಿಡಿ. ಗೊಂಬೆಯ ಎದೆಗೆ ದಾರ ಸುತ್ತಿ ಗಂಟು ಹಾಕಿ. ಅದರ ಅರ್ಧಕ್ಕೆ ಮಗುವಿನ ಎರಡು ಬೆರಳಿನ ಅಗಲ ಸೇರಿಸಿದರೆ ಒಳಕೋಟಿನ ಮುಂಭಾಗದ ಅಗಲ. ಬೆನ್ನಿಗೂ ಅಷ್ಟೇ. ತೋಳಿಗೆ ಭುಜದಿಂದ ಕೈ ತುದಿ ದಾಟಿ ಒಂದು ಬೆರಳು ಜಾಸ್ತಿ. ಮಗುವಿನ ಬೆರಳಿನಿಂದ ಅಳೆದ ಕೋಟು ಆ ಮಗುವಿನ ಗೊಂಬೆಗೇ ಸರಿಯಾಗುವುದು. ಅದು ಗೊತ್ತಾದ ಮೇಲೆ ಮಕ್ಕಳು ಮನೆಯಲ್ಲಿರುವ ಎಲ್ಲವನ್ನೂ ಅಳೆಯಲು ಹೊರಡುತ್ತಾರೆ, ತಯಾರಾಗಿರಿ.

ಈಗ ಕತ್ತರಿಕೆ. ಇನುಯಿಟ್ ಹೆಂಗಸರ ಕೈಯಲ್ಲಿ ಇರುವುದು ಉಲು. ಅರ್ಧಚಂದ್ರದ ಅಲಗು, ಮೇಲೆ ಹಿಡಿ. ಚರ್ಮ ಹೆರೆಯುವುದು, ಮಾಂಸ ಕೊಯ್ಯುವುದು, ಕೋಟು ಕತ್ತರಿಸುವುದು ಎಲ್ಲ ಅದರಲ್ಲೇ. ತುಪ್ಪಳವನ್ನು ಕತ್ತರಿಯಿಂದ ಕತ್ತರಿಸಿದರೆ ಅಂಚಿನ ಕೂದಲೂ ತುಂಡಾಗಿ ಹೊಲಿಗೆಯ ಜಾಗ ಬೋಳಾಗಿ ಕಾಣುತ್ತದೆ. ಹಿಂಭಾಗದಿಂದ ಅಲಗಿನಲ್ಲಿ ಬರೀ ಚರ್ಮ ಸೀಳಿದರೆ ಕೂದಲು ಹಾಗೇ ಉಳಿಯುತ್ತದೆ.

ನಕಲಿ ತುಪ್ಪಳಕ್ಕೂ ಇದೇ ಮಾತು. ಬಟ್ಟೆ ಬೋರಲು ಹಾಕಿ, ಹಿಂಬದಿಯಲ್ಲಿ ಗೆರೆ ಎಳೆದು, ಬ್ಲೇಡಿನ ಮೂಲೆಯಿಂದ ಬರೀ ಹಿಂಬದಿಯ ನೇಯ್ಗೆಯನ್ನು ಸೀಳಿ. ಬಟ್ಟೆಯನ್ನು ಎತ್ತಿ ಹಿಡಿದುಕೊಂಡರೆ ಕೂದಲು ನೆಲಕ್ಕೆ ಒತ್ತಿ ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ಎರಡೂ ತುಂಡು ಮೆಲ್ಲಗೆ ಬೇರೆ ಮಾಡಿ. ಬ್ಲೇಡ್ ಕೆಲಸ ಮಾತ್ರ ದೊಡ್ಡವರದ್ದು, ಮಗು ಗೆರೆ ಎಳೆಯಲಿ. ಇನ್ನೊಂದು: ಕೂದಲು ಕೆಳಮುಖವಾಗಿ ಹರಿಯಬೇಕು. ಮಗು ಕೈ ಸವರಿ ದಿಕ್ಕು ನೋಡಲಿ. ತೋಳು ಒಂದು ಕಡೆ, ಮೈ ಒಂದು ಕಡೆ ಹರಿದರೆ ಬಿಚ್ಚಿ ಹೊಸದಾಗಿ ಕತ್ತರಿಸಬೇಕಾಗುತ್ತದೆ.

ಹೆಜ್ಜೆ 4: ಒಳಕೋಟು

ತುಪ್ಪಳ ಒಳಮುಖ. ಎರಡು ತುಂಡಿನ ಅಂಚು ಜೋಡಿಸಿ, ಬಟ್ಟೆಯ ಹಿಂಬದಿಯಿಂದ ಅಂಚನ್ನು ಸುತ್ತುತ್ತಾ ಹೊಲಿಯಿರಿ. ಹೊಲಿಗೆ ಒಂದಕ್ಕೊಂದು ಒತ್ತಾಗಿರಲಿ, ನಡುವೆ 2 ಮಿ.ಮೀ.ಗಿಂತ ಜಾಸ್ತಿ ಬೇಡ. ಕೌದಿ ಹೊಲಿಯುವ ಹಾಗೆ ಉದ್ದುದ್ದ ಓಡಿಸಿದರೆ ಇಲ್ಲಿ ನಡೆಯುವುದಿಲ್ಲ. ಅಂಚಿಗೆ ಬಂದ ಕೂದಲನ್ನು ಸೂಜಿ ತುದಿಯಿಂದ ಒಳಕ್ಕೆ ತಳ್ಳುತ್ತಾ ಹೋಗಿ.

ಮುಂದೆ ಗುಂಡಿ, ಜಿಪ್ ಯಾವುದೂ ಇಲ್ಲ. ತಲೆ ಮೇಲಿಂದ ಹಾಕುವ ಕೋಟು. ಬಿರುಕು ಇದ್ದಲ್ಲಿ ಗಾಳಿ ನುಗ್ಗುತ್ತದೆ. ಹಾಗಾಗಿ ಕುತ್ತಿಗೆ ತಲೆ ನುಸುಳುವಷ್ಟು ಅಗಲ ಇರಲಿ, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ. ಮುಗಿದ ಮೇಲೆ ಕೋಟನ್ನು ಮಗುವಿನ ಬಾಯಿಗೆ ಹಿಡಿದು ಹೊಲಿಗೆಯ ಮೂಲಕ ಊದಲು ಹೇಳಿ, ಇನ್ನೊಂದು ಬದಿಗೆ ಕೈ ಇಡಿ. ಗಾಳಿ ಎಲ್ಲಿ ಬರುತ್ತದೋ ಅಲ್ಲಿ ಎರಡು ಹೊಲಿಗೆ ಸೇರಿಸಲಿ. ನೀವು ತಪ್ಪು ತೋರಿಸುವ ಕೆಲಸವೇ ಇರುವುದಿಲ್ಲ.

ಹೆಜ್ಜೆ 5: ಅಮೌಟಿ

ಇಡೀ ಕೆಲಸದ ಜೀವ ಇದು. ಅಮೌಟಿಯ ಬೆನ್ನಿನಲ್ಲಿ ಚೀಲ. ಕೂಸು ಅದರೊಳಗೆ, ಅಮ್ಮನ ಬೆನ್ನಿಗೆ ಅಂಟಿಕೊಂಡು ಕೂರುತ್ತದೆ. ದೊಡ್ಡ ತಲೆಗವುಸು ಇಬ್ಬರಿಗೂ ಸೇರಿ. ಸೊಂಟಕ್ಕೆ ಕಟ್ಟುವ ಪಟ್ಟಿ ಕೂಸಿನ ಅಂಡಿನ ಕೆಳಗೆ ಬಂದು ಅದು ಜಾರದ ಹಾಗೆ ಹಿಡಿಯುತ್ತದೆ. ಭುಜ ಅಗಲವಾಗಿರುವುದರಿಂದ ಅಮ್ಮ ಕೋಟು ಬಿಚ್ಚದೆ, ಕೂಸನ್ನು ಒಳಗಿಂದಲೇ ಮುಂದಕ್ಕೆ ತಂದು ಹಾಲು ಕುಡಿಸಬಲ್ಲಳು. ಆ ಚಳಿಯಲ್ಲಿ ಇದಕ್ಕಿಂತ ಬುದ್ಧಿವಂತ ಉಡುಪು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಕಂಬಳಿ ಅಥವಾ ಫ್ಲೀಸ್‌ನಿಂದ ಮುಂಭಾಗ ಕತ್ತರಿಸಿ. ಒಳಕೋಟಿಗಿಂತ ಸುತ್ತಲೂ ಒಂದು ಬೆರಳು ದೊಡ್ಡದು. ಕೆಳಗೆ ಚಿಕ್ಕ ನಾಲಿಗೆಯಂಥ ಇಳಿ. ಬೆನ್ನಿನ ತುಂಡು ಮುಂದಿನದಕ್ಕಿಂತ 5 ಸೆಂ.ಮೀ. ಅಗಲ, ಕೆಳಗೆ ಮೊಣಕಾಲಿನ ತನಕ ಇಳಿಯುವ ದುಂಡು ಬಾಲ. ಬೆನ್ನಿನ ತುಂಡನ್ನು ಸೊಂಟದ ಗೆರೆಯಲ್ಲಿ ಸಣ್ಣ ನೆರಿಗೆ ಹಿಡಿದು ಮುಂದಿನದರ ಅಗಲಕ್ಕೆ ತನ್ನಿ. ನೆರಿಗೆಯ ಮೇಲೆ ಉಬ್ಬಿದ ಜಾಗವೇ ಚೀಲ. ಪಕ್ಕೆ, ಭುಜ, ತೋಳು ಹೊಲಿಯಿರಿ.

ತಲೆಗವುಸಿಗೆ ಎರಡು ಅರ್ಧವೃತ್ತ. ಎತ್ತರ 9 ಸೆಂ.ಮೀ. ಬಾಗಿದ ಬದಿ ಹೊಲಿದು ಜೋಡಿಸಿ. ಅದನ್ನು ಕುತ್ತಿಗೆಗೆ ಹಚ್ಚುವಾಗ ಒಂದು ಎಚ್ಚರ: ಬೆನ್ನಿನ ಕಡೆ ತಲೆಗವುಸಿನ ಒಳಭಾಗವೂ ಚೀಲದ ಒಳಭಾಗವೂ ಒಂದೇ ಆಗಿರಬೇಕು. ನಡುವೆ ಅಡ್ಡ ಹೊಲಿಗೆ ಬಂದರೆ ಕೂಸಿಗೆ ದಾರಿಯೇ ಇರುವುದಿಲ್ಲ. ಕುತ್ತಿಗೆಯ ಹಿಂಭಾಗ ಸಡಿಲ ಇಡಿ, ಕೂಸಿನ ತಲೆ ಅಮ್ಮನ ತಲೆಯ ಹಿಂದೆ ಇಣುಕಬೇಕು. ತಲೆಗವುಸಿನ ಅಂಚಿಗೆ ತುಪ್ಪಳದ ಪಟ್ಟಿ. ಮಣಿ ಹಾಕುವುದಿದ್ದರೆ ಎದೆಯ ಮೇಲೆ ಎರಡು ಸಾಲು ಸಾಕು. ಸೊಂಟಕ್ಕೆ ಹೆಣೆದ ಉಣ್ಣೆ ದಾರ.

ನಿಜದ ಉಡುಪಿನಲ್ಲಿ ಒಳಪದರಕ್ಕೂ ಚೀಲ ಇರುತ್ತಿತ್ತು. ಗೊಂಬೆಗೆ ತೀರಾ ದಪ್ಪ ಆಗುತ್ತದೆ, ಬಿಡಿ.

ಈಗ ಪರೀಕ್ಷೆ. ಗೊಂಬೆಯನ್ನು ಮುಂದಕ್ಕೆ ಬಗ್ಗಿಸಿ, ಕೂಸನ್ನು ತಲೆಗವುಸಿನಿಂದ ಚೀಲಕ್ಕೆ ಇಳಿಸಿ, ದಾರ ಕಟ್ಟಿ, ನೆಟ್ಟಗೆ ನಿಲ್ಲಿಸಿ. ಅಮ್ಮಂದಿರು ಮಾಡುವುದೂ ಹೀಗೇ ಬಗ್ಗಿಕೊಂಡು. ಆಮೇಲೆ ಗೊಂಬೆಯನ್ನು ಕುಣಿಸಿ, ಓಡಿಸಿ. ಕೂಸು ಕೆಳಗೆ ಜಾರಿದರೆ ದಾರ ಮೇಲಾಯಿತು. ಮೇಲಿಂದ ಬಿದ್ದರೆ ಚೀಲ ಆಳ ಸಾಲದು. ಪಕ್ಕಕ್ಕೆ ವಾಲಿದರೆ ನೆರಿಗೆ ಒಂದೇ ಕಡೆ ಗುಂಪಾಗಿದೆ. ಹಿಂದೆ ಸಣ್ಣ ಹುಡುಗಿಯರೂ ಪುಟ್ಟ ಅಮೌಟಿ ತೊಟ್ಟು ಬೆನ್ನಲ್ಲಿ ಗೊಂಬೆಯನ್ನೋ ನಾಯಿಮರಿಯನ್ನೋ ಹೊತ್ತು ತಿರುಗುತ್ತಿದ್ದರು. ಕೂಸು ಹೊರುವ ಅಭ್ಯಾಸ ಆಗಿನಿಂದಲೇ ಶುರು.

ಹೆಜ್ಜೆ 6: ಚಡ್ಡಿ, ಕೈಗವುಸು

ಚಡ್ಡಿ ತುಪ್ಪಳ ಹೊರಗೆ, ಮೊಣಕಾಲಿನ ಕೆಳಗಿನ ತನಕ. ಕೈಗವುಸಿಗೆ ಹೆಬ್ಬೆರಳು ಒಂದೇ ಬೇರೆ. ತೋಳಿನ ಬಾಯಿಯ ಮೇಲೆ ಬರುವಷ್ಟು ಉದ್ದ. ಎರಡನ್ನೂ ಒಂದು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿ, ಇಲ್ಲದಿದ್ದರೆ ಒಂದು ಕಳೆದುಹೋಗುವುದು ಖಾತ್ರಿ.

ಹೆಜ್ಜೆ 7: ಕಾಮಿಕ್

ಕಾಮಿಕ್ ಅಂದರೆ ಬೂಟು. ಹೊಲಿಯುವವಳ ಕೈ ಹೇಗಿದೆ ಅಂತ ನೋಡುವುದು ಇಲ್ಲೇ. ಅಟ್ಟೆ ಪಾದದ ಕೆಳಗೆ ಚಪ್ಪಟೆಯಾಗಿ ನಿಲ್ಲುವುದಿಲ್ಲ, ಅಂಚು ಮೇಲೆದ್ದು ಪಾದವನ್ನು ದೋಣಿಯ ಹಾಗೆ ಸುತ್ತುತ್ತದೆ. ಮೂತಿಯಲ್ಲೂ ಹಿಮ್ಮಡಿಯಲ್ಲೂ ಮಿಕ್ಕಿದ ಚರ್ಮವನ್ನು ಸಾಲು ನೆರಿಗೆ ಮಾಡುತ್ತಾರೆ. ಹಳಬರು ಇದನ್ನು ಹಲ್ಲಿನಿಂದ ಕಚ್ಚಿ ಮಡಚುತ್ತಿದ್ದರು. ಗಟ್ಟಿ ಸೀಲ್ ಚರ್ಮವನ್ನು ಅಗಿದೂ ಮೆತ್ತಗೆ ಮಾಡುತ್ತಿದ್ದರು. ಮುದುಕಿಯರ ಹಲ್ಲು ಸವೆದು ಮೋಟಾಗಿರುತ್ತಿದ್ದದ್ದು ಸುಮ್ನೆ ಅಲ್ಲ.

ಚರ್ಮವನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ ಒರೆಸಿಕೊಳ್ಳಿ. ಗೊಂಬೆಯ ಪಾದವನ್ನು ಇಟ್ಟು ಗೆರೆ ಎಳೆದು, ಸುತ್ತ 7 ಮಿ.ಮೀ. ಬಿಟ್ಟು ಕತ್ತರಿಸಿ. ಮೂತಿಯ ಅಂಚಿನಲ್ಲಿ ಸೂಜಿದಾರ ಓಡಿಸಿ ಮೆಲ್ಲಗೆ ಜಗ್ಗಿ. ಪ್ರತಿ ನೆರಿಗೆಯನ್ನೂ ಹೆಬ್ಬೆರಳ ಉಗುರಿನಿಂದ ಒತ್ತಿ ಕೂರಿಸಿ. ಆರು ನೆರಿಗೆ ಬಂದರೆ ಸಾಕು, ಆದರೆ ಆರೂ ಒಂದೇ ದಪ್ಪ ಇರಲಿ. ಪಾದದ ಮೇಲೆ ನಾಲಿಗೆಯಾಕಾರದ ತುಂಡು, ಅದಕ್ಕೆ ಕಾಲು ಸುತ್ತುವ ಕೊಳವೆ. ಒಳಗೆ ಫ್ಲೀಸ್ ಕಾಲುಚೀಲ.

ನೀರು ಸೋರದ ಹೊಲಿಗೆ ಹೇಗೆ? ಒಂದು ತುಂಡಿನ ಅಂಚಿನ ಮೇಲೆ ಇನ್ನೊಂದನ್ನು 3 ಮಿ.ಮೀ. ಹತ್ತಿಸಿ. ಸೂಜಿ ಮೇಲಿನ ತುಂಡಿನ ಅಂಚನ್ನು ಪೂರ್ತಿ ದಾಟಲಿ, ಕೆಳಗಿನ ತುಂಡಿನ ಅರ್ಧ ದಪ್ಪಕ್ಕೆ ಮಾತ್ರ ಹೋಗಿ ಮೇಲೆ ಬರಲಿ. ಒಂದು ಸಾಲು ಮುಗಿದ ಮೇಲೆ ಮಗುಚಿ. ಈಗ ಕೆಳಗಿದ್ದದ್ದು ಮೇಲೆ. ಅದರ ಅಂಚನ್ನೂ ಹಾಗೇ ಹೊಲಿಯಿರಿ. ಎರಡು ಸಾಲು, ಆದರೆ ಆಚೆಯಿಂದ ಈಚೆಗೆ ನೇರ ಹೋಗುವ ತೂತು ಒಂದೂ ಇಲ್ಲ. ರೆಕ್ಸಿನ್ ಬೇಡ ಅಂದದ್ದು ಇದಕ್ಕೇ. ಅದರಲ್ಲಿ ಅರ್ಧ ದಪ್ಪಕ್ಕೆ ಸೂಜಿ ನಿಲ್ಲುವುದಿಲ್ಲ, ಚುಚ್ಚಿದ ತೂತು ಮುಚ್ಚಿಕೊಳ್ಳುವುದೂ ಇಲ್ಲ.

ದಾರದ್ದೂ ಒಂದು ಗುಟ್ಟಿದೆ. ಅವರು ಬಳಸುತ್ತಿದ್ದದ್ದು ಕ್ಯಾರಿಬೂ ಬೆನ್ನಿನ ನಾರು, ಒಣಗಿಸಿ ಎಳೆಎಳೆಯಾಗಿ ಸೀಳಿದ್ದು. ಒದ್ದೆಯಾದರೆ ಅದು ಉಬ್ಬಿ ಸೂಜಿಯ ತೂತನ್ನೇ ಮುಚ್ಚುತ್ತದೆ. ನೂಲು ಅಷ್ಟು ಉಬ್ಬುವುದಿಲ್ಲ, ಅದಕ್ಕೇ ಮೇಣ ಸವರುವುದು. ಈಗ ಅಲ್ಲಿನವರೂ ಎಷ್ಟೋ ಜನ ಕೃತಕ ನಾರು, ಹಲ್ಲುಜ್ಜುವವರ ಮೇಣದ ಫ್ಲಾಸ್ ಬಳಸುತ್ತಾರೆ.

ತಟ್ಟೆಯಲ್ಲಿ ಅರ್ಧ ಬೆರಳು ನೀರು ಹಾಕಿ, ಬೂಟಿನೊಳಗೆ ಟಿಶ್ಯೂ ಕಾಗದ ಇಟ್ಟು ಹತ್ತು ನಿಮಿಷ ನಿಲ್ಲಿಸಿ. ಒಂದು ಬೂಟು ಸಾದಾ ಹೊಲಿಗೆ, ಒಂದು ಬೂಟು ಈ ಹೊಲಿಗೆ ಹಾಕಿ ಹೋಲಿಸಿ ನೋಡಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಟಿಶ್ಯೂ ಒದ್ದೆಯಾದ ಜಾಗವೇ ಬೆರಳು ಹೋಗುವ ಜಾಗ.

ಆಟ

ಗೊಂಬೆಯನ್ನು ಶೋಕೇಸಿಗೆ ಹಾಕಬೇಡಿ. ಬಟ್ಟೆಯೆಲ್ಲ ಬಿಚ್ಚಿ ತೊಡಿಸುವ ಹಾಗೆ ಹೊಲಿದದ್ದು ಯಾಕೆ? ಮಗು ಪ್ರತಿ ಸಲ ತೊಡಿಸುವಾಗ ಯಾವುದು ಮೊದಲು, ಯಾವುದರ ಒಳಗೆ ಯಾವುದು ಅನ್ನುವುದು ಕೈಗೇ ನೆನಪಾಗುತ್ತದೆ. ಜೇಡಿಮಣ್ಣಿನಲ್ಲಿ ಪುಟ್ಟ ಕುಲ್ಲಿಕ್ ಮಾಡಿಕೊಡಿ. ಕಲ್ಲಿನ ಅರ್ಧಚಂದ್ರ ದೀಪ ಅದು, ಸೀಲ್ ಎಣ್ಣೆಯಲ್ಲಿ ಉರಿಯುತ್ತದೆ. ಬೆಳಕು, ಅಡುಗೆ, ಒದ್ದೆ ಬೂಟು ಒಣಗಿಸುವುದು ಎಲ್ಲ ಅದರಲ್ಲೇ. ಗೊಂಬೆ ಹಿಮದಿಂದ ಮನೆಗೆ ಬಂತು ಅಂತ ಆಡುವಾಗ ಮೊದಲ ಕೆಲಸ ಕೋಟಿನ ಮೇಲಿನ ಹಿಮ ಬಡಿದು ಉದುರಿಸುವುದು, ಎರಡನೆಯದು ಬೂಟು ಒಣಹಾಕುವುದು. ಹಿಮ ಕರಗಿ ತುಪ್ಪಳ ಒದ್ದೆಯಾದರೆ ನಾಳೆ ಹೊರಗೆ ಹೋಗುವಂತಿಲ್ಲ.

ಎಲ್ಲಿ ನಿಲ್ಲಬೇಕು

ನೀವು ಮಾಡಿದ ಗೊಂಬೆಯನ್ನು ಇನುಯಿಟ್ ಗೊಂಬೆ ಅಂತ ಮಾರಬೇಡಿ. ಶಾಲೆಯ ಪ್ರದರ್ಶನಕ್ಕೆ ಇಟ್ಟರೆ ‘ಇನುಯಿಟರ ಹೊಲಿಗೆ ನೋಡಿ ನಾವು ಕಲಿತದ್ದು’ ಅಂತ ಬರೆದು, ಯಾವ ಪ್ರದೇಶದ ಉಡುಪು ಅನ್ನುವುದನ್ನೂ ಸೇರಿಸಿ. ಹಳೆಯ ಪಠ್ಯಪುಸ್ತಕದ ‘ಎಸ್ಕಿಮೊ’ ಬೇಡ, ಕೆನಡಾದಲ್ಲಿ ಅವರು ಅದನ್ನು ಒಪ್ಪುವುದಿಲ್ಲ. ಇದು ಬರೀ ಮರ್ಯಾದೆಯ ಮಾತೂ ಅಲ್ಲ. 1999ರಲ್ಲಿ ಅಮೆರಿಕದ ಒಂದು ಫ್ಯಾಷನ್ ಕಂಪನಿಯವರು ಉತ್ತರಕ್ಕೆ ಬಂದು ಹಳೆಯ ಉಡುಪು ಕೊಂಡಾಗ ಇನುಯಿಟ್ ಹೆಂಗಸರ ಸಂಸ್ಥೆ ಪೌಕ್ಟೂಟಿಟ್ ಎದ್ದು ನಿಂತಿತು. ಅಮೌಟಿಯ ವಿನ್ಯಾಸವನ್ನು ಕಾಪಾಡುವುದು ಹೇಗೆ ಅಂತ 2001ರಲ್ಲಿ ನುನಾವುಟ್‌ನ ರಾಂಕಿನ್ ಇನ್ಲೆಟ್ ಊರಿನಲ್ಲಿ ಸಭೆ ಸೇರಿಸಿತು. 2015ರಲ್ಲಿ ಬ್ರಿಟನ್ನಿನ ಒಂದು ಫ್ಯಾಷನ್ ಕಂಪನಿ ಒಬ್ಬ ಇನುಯಿಟ್ ಶಾಮನ್‌ನ (ಆತ್ಮಗಳ ಜೊತೆ ಮಾತಾಡುವವನು ಅಂತ ಜನ ನಂಬುವವನು) ಕೋಟಿನ ವಿನ್ಯಾಸವನ್ನು ಹಾಗೇ ಎತ್ತಿ ಸ್ವೆಟರ್ ಮಾಡಿತು. ಅವನ ಕುಟುಂಬದವರು ಕೇಳಿದ ಮೇಲೆ ಕ್ಷಮೆ ಕೇಳಿ ಹಿಂದಕ್ಕೆ ತೆಗೆದುಕೊಂಡಿತು. ದಿನನಿತ್ಯದ ಅಮ್ಮನ ಕೋಟು ಸಾಕು, ಶಾಮನ್ ಉಡುಪಿಗೆ ಕೈ ಹಾಕಬೇಡಿ.

ನಿಜವಾದದ್ದು ಬೇಕಿದ್ದರೆ ಮಾಡಿದವರಿಂದಲೇ ಕೊಳ್ಳಿ, ಅಥವಾ ಇಗ್ಲೂ ಗುರುತಿನ ಚೀಟಿ ಇದೆಯಾ ನೋಡಿ. ಆ ಗುರುತು 1958ರಲ್ಲಿ ಕೆನಡಾ ಸರ್ಕಾರ ಶುರು ಮಾಡಿದ್ದು, 2017ರಿಂದ ಇನುಯಿಟ್ ಆರ್ಟ್ ಫೌಂಡೇಶನ್ ಕೈಯಲ್ಲಿದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಕೆನಡಾ ಪ್ರವಾಸದಲ್ಲಿ ಸೀಲ್ ಚರ್ಮದ ಗೊಂಬೆ ಕೊಂಡು ಗಡಿಗೆ ಬಂದರೆ ತೊಂದರೆ. ಕಡಲ ಸಸ್ತನಿಗಳನ್ನು ಕಾಪಾಡುವ ಅಲ್ಲಿನ 1972ರ ಕಾನೂನಿನ ಪ್ರಕಾರ ಸೀಲ್ ಸಾಮಾನನ್ನು ಅಮೆರಿಕದೊಳಗೆ ತರುವಂತಿಲ್ಲ. ಉಣ್ಣೆಬಟ್ಟೆಯದ್ದನ್ನು ಕೊಳ್ಳಿ. ಟೊರಾಂಟೊ ಕಡೆಯವರಾದರೆ ಬೂಟು ಹೊಲಿಯುವ ಮೊದಲು ಮಕ್ಕಳನ್ನು ಬಾಟಾ ಶೂ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಆರ್ಕ್ಟಿಕ್ ಬೂಟುಗಳ ದೊಡ್ಡ ಸಂಗ್ರಹ ಇದೆ. ವಿನಿಪೆಗ್‌ನಲ್ಲಿ 2021ರಲ್ಲಿ ತೆರೆದ ಕೌಮಾಜುಕ್ ಕಲಾಕೇಂದ್ರ ಪೂರ್ತಿ ಇನುಯಿಟ್ ಕಲೆಗೇ ಮೀಸಲು. ಊರಲ್ಲಿರುವವರು ಕೆನಡಾದ ಹಿಸ್ಟರಿ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಫೋಟೋ ದೊಡ್ಡದು ಮಾಡಿ ನೆರಿಗೆ ಎಣಿಸಬಹುದು.

ಕೊನೆಗೆ, ಗೊಂಬೆ ಇಡುವುದು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಮಳೆಗಾಲದಲ್ಲಿ ಚರ್ಮದ ಬೂಟಿಗೆ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೂಟಿನೊಳಗೆ ಕಾಗದ ತುರುಕಿ, ಗಾಳಿಯಾಡುವ ಕಡೆ ಇಡಿ. ಕಂಬಳಿಗೆ ನುಸಿ ಬರದ ಹಾಗೆ ಎರಡು ಒಣ ಬೇವಿನ ಎಲೆ. ಬೂಟು ನೆನೆದರೆ ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ. ಗಟ್ಟಿಯಾದರೆ ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡುವ ಕೆಲಸ ಮಗುವಿಗೇ ಬಿಡಿ.